ಬಿಪಿ ನೋಡುವುದು ಹೇಗೆ: ಕಫ್ ಕಟ್ಟುವ ಮೊದಲಿನಿಂದ ರೀಡಿಂಗ್ ಬರೆಯುವವರೆಗೆ

"ಸ್ಟೆತ್ ಇಟ್ಟರೆ ಏನೂ ಕೇಳಿಸೋದೇ ಇಲ್ಲ." ಮುಂಬೈ, ಪುಣೆಯ ಮೆಡಿಕಲ್ ಕಾಲೇಜುಗಳಲ್ಲಿ ಮೊದಲ ವರ್ಷ ಓದುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಮತ್ತೆ ಮತ್ತೆ ಹೇಳುವ ಮಾತು ಇದು. ಇನ್ನು ಕೆಲವರಿಗೆ ಕೇಳಿಸುತ್ತದೆ, ಆದರೆ ಪಕ್ಕದವರಿಗೆ 138 ಬಂದ ಕಡೆ ಇವರಿಗೆ 120 ಬರುತ್ತದೆ. ಮೂರನೇ ಗುಂಪು ಒಂದಿದೆ, ಅವರು ಯಾರ ಕೈಗೆ ಕಟ್ಟಿದರೂ 120/80. ಅವರ ವಿಷಯಕ್ಕೆ ಕೊನೆಯ ಹೊತ್ತಿಗೆ ಬರೋಣ.

ಎಲ್ಲರೂ ತಮ್ಮ ಕಿವಿಯನ್ನು ಬೈಯುತ್ತಾರೆ, ಇಲ್ಲವೇ ಹೊಸ ದುಬಾರಿ ಸ್ಟೆತ್ (ಸ್ಟೆತಸ್ಕೋಪ್) ಕೊಳ್ಳಲು ಹೊರಡುತ್ತಾರೆ. ಎರಡೂ ಬೇಡ. ತಪ್ಪು ಬಹುಪಾಲು ಸ್ಟೆತ್ ಕಿವಿಗೆ ಹೋಗುವ ಮುಂಚೆಯೇ ಆಗಿರುತ್ತದೆ: ಕುರ್ಚಿಯಲ್ಲಿ, ತೋಳಿನ ಬಟ್ಟೆಯಲ್ಲಿ, ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿಯ, ಅಂದರೆ ಕಫ್‌ನ, ಅಳತೆಯಲ್ಲಿ, ನಾಡಿ ಹುಡುಕದೇ ಇದ್ದದ್ದರಲ್ಲಿ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಹಾರಿಸಿದರೆ ಮುಂದಿನದು ಕೈಕೊಡುತ್ತದೆ.

ಇಲ್ಲಿ ಹೇಳುವುದು ದೊಡ್ಡವರ ತೋಳಿನಲ್ಲಿ, ಸ್ಟೆತ್ ಇಟ್ಟು ನೋಡುವ ವಿಧಾನ. ಅಂಕಿಗಳೆಲ್ಲ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ.

1. ಮೊದಲು ಉಪಕರಣ ನೋಡಿಕೊಳ್ಳಿ

ಬೇಕಾಗುವುದು ಹೆಚ್ಚೇನಿಲ್ಲ. ಬಿಪಿ ಉಪಕರಣ, ಸರಿಯಾದ ಅಳತೆಯ ಕಫ್, ಸ್ಟೆತ್, ಬೆನ್ನಿಗೆ ಆಸರೆ ಇರುವ ಕುರ್ಚಿ, ಕೈ ಇಡಲು ಮೇಜು. ದರ್ಜಿ ಬಳಸುವ ಅಳತೆ ಟೇಪ್ ಒಂದು ಏಪ್ರನ್ ಜೇಬಿನಲ್ಲಿರಲಿ, ಯಾಕೆ ಅಂತ ಕೆಳಗೆ ಗೊತ್ತಾಗುತ್ತದೆ.

ಪಾದರಸದ ಉಪಕರಣವಾದರೆ ಗಾಳಿ ಇಲ್ಲದಾಗ ಪಾದರಸ ಸರಿಯಾಗಿ ಸೊನ್ನೆಯಲ್ಲಿರಬೇಕು, ಕೊಳವೆ ನೆಟ್ಟಗೆ ನಿಂತಿರಬೇಕು, ನಿಮ್ಮ ಕಣ್ಣು ಪಾದರಸದ ಮಟ್ಟಕ್ಕೇ ಇರಬೇಕು. ಮೇಲಿನಿಂದ ಬಗ್ಗಿ ನೋಡಿದರೆ ರೀಡಿಂಗ್ ಜಾರುತ್ತದೆ. ಪಾದರಸ ವಿಷವಾದ್ದರಿಂದ ಈಗ ಬಹಳ ಕಡೆ ಮುಳ್ಳಿನ ಡಯಲ್ ಇರುವ ಅನೆರಾಯ್ಡ್ ಉಪಕರಣ ಬಂದಿದೆ. ಅದರ ಮುಳ್ಳೂ ಸೊನ್ನೆಯಲ್ಲೇ ನಿಂತಿರಬೇಕು. ಒಮ್ಮೆ ಕೆಳಗೆ ಬಿದ್ದ ಡಯಲ್ ಅನ್ನು ಮತ್ತೆ ಸರಿ ಇದೆಯಾ ಅಂತ ಪರೀಕ್ಷಿಸದೆ ನಂಬಬೇಡಿ.

ಗಾಳಿ ಸೋರುತ್ತಿದೆಯಾ ನೋಡಲು ಕಫ್ ಅನ್ನು ನೀರಿನ ಬಾಟಲಿಗೆ ಸುತ್ತಿ, ಬಲ್ಬಿನ ಗಾಳಿ ಬಿಡುವ ತಿರುಪು ಮುಚ್ಚಿ, 200ರವರೆಗೆ ಗಾಳಿ ತುಂಬಿ. ಅಲ್ಲೇ ನಿಂತರೆ ಸರಿ. ತಾನಾಗಿ ಇಳಿಯುತ್ತಾ ಹೋದರೆ ಆ ಉಪಕರಣ ಬೇಡ, ಬೇರೆ ಕೇಳಿ.

ಪಾದರಸ ಚೆಲ್ಲಿದರೆ ಕೈಯಿಂದ ಮುಟ್ಟಬೇಡಿ, ಪೊರಕೆ ಹಾಕಬೇಡಿ. ಫ್ಯಾನ್ ಆರಿಸಿ, ಜನರನ್ನು ದೂರ ಕಳಿಸಿ, ಲ್ಯಾಬ್ ಸಿಬ್ಬಂದಿಗೆ ಹೇಳಿ.

2. ಕಫ್ ಅಳತೆ

ಇದನ್ನು ಮಾಡುವವರೇ ಕಡಿಮೆ. ಪೆಟ್ಟಿಗೆಯಲ್ಲಿ ಇದ್ದದ್ದನ್ನು ಸುತ್ತಿಬಿಡುತ್ತಾರೆ.

ಭುಜದ ಮೂಳೆಯ ತುದಿ ಮತ್ತು ಮೊಣಕೈ ಮೂಳೆಯ ತುದಿ, ಇವೆರಡರ ನಡುಮಧ್ಯದಲ್ಲಿ ಟೇಪ್ ಸುತ್ತಿ ತೋಳಿನ ಸುತ್ತಳತೆ ತೆಗೆಯಿರಿ. ಕಫ್ ಒಳಗಿನ ರಬ್ಬರ್ ಚೀಲದ ಉದ್ದ ಆ ಸುತ್ತಳತೆಯ ಸುಮಾರು 80%, ಅಗಲ ಸುಮಾರು 40% ಇರಬೇಕು. ತೋಳು 30 ಸೆಂ.ಮೀ. ಇದ್ದರೆ ಚೀಲ 24 ಉದ್ದ, 12 ಅಗಲ. ಹೊರಗಿನ ಬಟ್ಟೆಯನ್ನಲ್ಲ, ಒಳಗಿನ ಚೀಲವನ್ನು ಅಳೆಯಬೇಕು.

ಚಿಕ್ಕ ಕಫ್ ಹಾಕಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡದು ಹಾಕಿದರೆ ಕಡಿಮೆ ತೋರಿಸುತ್ತದೆ. ಮೊದಲ ತಪ್ಪು ಹೆಚ್ಚು ಅಪಾಯ, ಯಾಕೆಂದರೆ ದಪ್ಪ ತೋಳಿನವರಿಗೆ ಸುಮ್ನೆ ಮಾತ್ರೆ ಶುರುವಾಗಿಬಿಡುತ್ತದೆ.

3. ಮನುಷ್ಯನನ್ನು ಕೂರಿಸುವುದು

ಅತಿ ಹೆಚ್ಚು ತಪ್ಪು ಆಗುವ ಹಂತ ಇದೇ. ಪರೀಕ್ಷೆಯಲ್ಲಿ ಅಂಕ ಹೋಗುವುದೂ ಇಲ್ಲೇ.

ಐದು ನಿಮಿಷ ಸುಮ್ಮನೆ ಕೂರಿಸಿ. ದಾದರ್ ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು, ಓಡಿಕೊಂಡು ಓಪಿಡಿಗೆ ಬಂದವರ ಕೈಗೆ ಬಂದ ಕೂಡಲೇ ಕಫ್ ಕಟ್ಟಿದರೆ ನೀವು ಅಳೆಯುವುದು ಸೇತುವೆಯ ಬಿಪಿ. ಹಾಸ್ಟೆಲಿನಲ್ಲಿ ಒಬ್ಬರಿಗೊಬ್ಬರು ನೋಡಿಕೊಳ್ಳುವಾಗಲೂ ಹಾಗೇ, ನಾಲ್ಕನೇ ಮಹಡಿ ಹತ್ತಿ ಬಂದವನಿಗೆ ಐದು ನಿಮಿಷ ಕೊಡಿ.

ಹಿಂದಿನ ಅರ್ಧ ಗಂಟೆಯಲ್ಲಿ ಚಹಾ, ಕಾಫಿ, ಬೀಡಿ, ಸಿಗರೇಟು ಆಗಿದೆಯಾ ಕೇಳಿ. "ಸಿಗರೇಟ್ ಸೇದ್ತೀರಾ?" ಅಂತ ಮಾತ್ರ ಕೇಳಿದರೆ ಇಲ್ಲ ಅನ್ನುತ್ತಾರೆ, ತುಟಿಯ ಒಳಗೆ ತಂಬಾಕು ಸುಣ್ಣ ಇಟ್ಟುಕೊಂಡೇ. ಮಹಾರಾಷ್ಟ್ರದಲ್ಲಿ ಹೆಂಗಸರು ಹಲ್ಲಿಗೆ ಉಜ್ಜುವ ಮಿಶ್ರಿಯೂ ಸುಟ್ಟ ತಂಬಾಕೇ. ನಿಕೋಟಿನ್ ಯಾವ ದಾರಿಯಿಂದ ಹೋದರೂ ರಕ್ತನಾಳ ಬಿಗಿಯುತ್ತದೆ, ನಾಡಿ ಏರುತ್ತದೆ. ಹಾಗಾಗಿ ಬಿಡಿಸಿ ಕೇಳಿ.

ಮೂತ್ರಕ್ಕೆ ಹೋಗಬೇಕಾ ಕೇಳಿ. ಕೇಳಲು ಮುಜುಗರ, ಗೊತ್ತು. ಆದರೆ ತುಂಬಿದ ಮೂತ್ರಕೋಶ ಬಿಪಿಯನ್ನು ಸುಮಾರು 10ರಷ್ಟು ಏರಿಸಬಹುದು.

ಬೆನ್ನು ಕುರ್ಚಿಗೆ ಒರಗಿರಲಿ, ಪಾದ ಎರಡೂ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ಲ್ಯಾಬಿನ ಸ್ಟೂಲ್ ಮೇಲೆ ಕೂರಿಸಿ ತೆಗೆದ ರೀಡಿಂಗ್ ಅರ್ಧ ನಂಬಿಕೆಯದ್ದು.

ಕೈ ಮೇಜಿನ ಮೇಲೆ ಸಡಿಲವಾಗಿ ಇರಬೇಕು, ಕಫ್‌ನ ಮಧ್ಯಭಾಗ ಎದೆಮೂಳೆಯ ನಡುವಿಗೆ ಸಮ ಬರಬೇಕು. ಇದರ ಹಿಂದೆ ಬರೀ ಫಿಸಿಕ್ಸ್ ಇದೆ. ತೋಳು ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಷ್ಟು ರಕ್ತದ ಕಂಬದ ಭಾರ ಸೇರಿ ಬಿಪಿ ಸುಮಾರು 8 ಜಾಸ್ತಿ ತೋರುತ್ತದೆ, ಅಷ್ಟೇ ಮೇಲಿದ್ದರೆ 8 ಕಡಿಮೆ. ಅವರೇ ಕೈ ಎತ್ತಿ ಹಿಡಿದಿದ್ದರೂ ತಪ್ಪು, ಸ್ನಾಯು ಬಿಗಿದಿರುವಷ್ಟು ಹೊತ್ತೂ ಬಿಪಿ ಏರಿರುತ್ತದೆ.

ಕೊನೆಯದು, ಮಾತು ನಿಲ್ಲಿಸುವುದು. ಅವರದ್ದೂ, ನಿಮ್ಮದೂ. ಊರು ಯಾವುದು, ಮಕ್ಕಳೆಷ್ಟು ಎಲ್ಲ ಮೊದಲೇ ಮುಗಿಸಿ. ಕಲಬುರಗಿ, ವಿಜಯಪುರ ಕಡೆಯವರು ಸಿಕ್ಕರೆ "ಕಾಕಾ, ಎರಡ ನಿಮಿಷ ಮಾತಾಡಬ್ಯಾಡ್ರಿ, ಸುಮ್ನ ಕುಂಡ್ರಿ" ಅಂದರೆ ನಕ್ಕು ಸುಮ್ಮನಾಗುತ್ತಾರೆ. ಮುಂಬೈಯಲ್ಲಿ ಡಾಕ್ಟರ್ ಕೋಟಿನಿಂದ ಕನ್ನಡ ಬಂದರೆ ಮಾತು ನಿಲ್ಲಿಸುವುದೇ ಕಷ್ಟ, ಅದಕ್ಕೆ ತಯಾರಿರಿ.

4. ಆರ್ಟರಿ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಬೇಕು

ಅನಾಟಮಿಯಲ್ಲಿ ಕ್ಯುಬಿಟಲ್ ಫೋಸಾ (ಮೊಣಕೈ ಮುಂದಿನ ತಗ್ಗು) ಓದಿದ್ದೀರಲ್ಲ, ಅದು ಕೆಲಸಕ್ಕೆ ಬರುವ ಜಾಗ ಇದು. ಅಂಗೈ ಮೇಲೆ ಮಾಡಿ, ಮೊಣಕೈಯನ್ನು ಸ್ವಲ್ಪ ಮಡಿಸಲು ಹೇಳಿ. ಮಡಿಕೆಯ ನಡುವೆ ಹಗ್ಗದ ಹಾಗೆ ಗಟ್ಟಿಯಾಗಿ ಸಿಗುವುದು ಬೈಸೆಪ್ಸ್ ಟೆಂಡನ್, ತೋಳಿನ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಅದರ ಒಳಬದಿಗೆ, ಅಂದರೆ ಮೈ ಕಡೆಗೆ, ತೋಳಿಗೆ ರಕ್ತ ಒಯ್ಯುವ ನಾಳವಾದ ಬ್ರೇಕಿಯಲ್ ಆರ್ಟರಿ. ಇನ್ನೂ ಒಳಗೆ ಮೀಡಿಯನ್ ನರ್ವ್. ಹೊರಗಿನಿಂದ ಒಳಕ್ಕೆ ಟೆಂಡನ್, ಆರ್ಟರಿ, ನರ್ವ್ ಅಂತ ನೆನಪಿಟ್ಟರೆ ಸಾಕು.

ಈಗ ಕೈ ನೇರ ಮಾಡಿಸಿ. ಆರ್ಟರಿಯ ಮೇಲೆ ಬೈಸೆಪ್ಸಿನ ತೆಳು ಪೊರೆಯೊಂದು ಹಾದು ಹೋಗುತ್ತದೆ, ಆದ್ದರಿಂದ ಬೆರಳನ್ನು ಸ್ವಲ್ಪ ಒತ್ತಿಯೇ ಹುಡುಕಬೇಕು. ಎರಡು ಬೆರಳಿನ ತುದಿ ಬಳಸಿ, ಹೆಬ್ಬೆರಳು ಬೇಡ. ಮಿಡಿತ ಸಿಕ್ಕ ಜಾಗಕ್ಕೆ ಪೆನ್ನಿನಿಂದ ಒಂದು ಚುಕ್ಕಿ ಇಡಿ. ಅನುಭವಿಗಳು ಇಡುವುದಿಲ್ಲ, ನೀವು ಇಡಿ.

"ಏನೂ ಕೇಳಿಸ್ತಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ಈ ಹಂತ ಬಿಟ್ಟವರು. ಮಡಿಕೆಯ ನಟ್ಟನಡುವೆ ಸ್ಟೆತ್ ಇಡುತ್ತಾರೆ. ಅಲ್ಲಿರುವುದು ಟೆಂಡನ್, ಅದು ಮಾತಾಡುವುದಿಲ್ಲ.

5. ಕಫ್ ಕಟ್ಟುವುದು

ಬರಿ ತೋಳಿಗೆ ಕಟ್ಟಿ. ಅಂಗಿಯ ತೋಳನ್ನು ಬಿಗಿಯಾಗಿ ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಇನ್ನೊಂದು ಪಟ್ಟಿಯಾಗಿ ತೋಳನ್ನು ಹಿಂಡುತ್ತದೆ, ಅದಕ್ಕಿಂತ ಅಂಗಿಯಿಂದ ಕೈ ಹೊರಗೆ ತೆಗೆಸುವುದು ಮೇಲು. ಹೆಂಗಸರಾದರೆ ಪರದೆ ಹಾಕಿ, ಜೊತೆಗೆ ಇನ್ನೊಬ್ಬ ಹೆಣ್ಣುಮಗಳು ಇರಲಿ, ಯಾಕೆ ಅಂತ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ.

ಚೀಲದ ನಡುಭಾಗ ಆರ್ಟರಿಯ ಮೇಲೆ ಬರಲಿ. ಕಫ್‌ನ ಕೆಳಅಂಚು ಮೊಣಕೈ ಮಡಿಕೆಗಿಂತ 2ರಿಂದ 3 ಸೆಂ.ಮೀ. ಮೇಲಿರಲಿ, ಇಲ್ಲದಿದ್ದರೆ ಸ್ಟೆತ್‌ಗೆ ಜಾಗ ಇರುವುದಿಲ್ಲ. ಒಂದೆರಡು ಬೆರಳು ತೂರುವಷ್ಟು ಬಿಗಿ ಸಾಕು. ಸಡಿಲ ಕಟ್ಟಿದರೆ ಗಾಳಿ ತುಂಬಿದಾಗ ಕಫ್ ಉಬ್ಬಿ ರೀಡಿಂಗ್ ಜಾಸ್ತಿ ಬರುತ್ತದೆ.

ಈ ಕೈಗಳಿಗೆ ಕಟ್ಟಲೇಬೇಡಿ: ಡಯಾಲಿಸಿಸ್‌ಗಾಗಿ ಫಿಸ್ಟುಲಾ (ಆರ್ಟರಿಯನ್ನು ಸಿರೆಗೆ ಸೇರಿಸಿದ ಜೋಡಣೆ) ಮಾಡಿದ ಕೈ, ಸ್ತನ ಕ್ಯಾನ್ಸರ್ ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳನ್ನು ತೆಗೆದ ಕಡೆಯ ಕೈ, ಸಲೈನ್ ಹೋಗುತ್ತಿರುವ ಕೈ, ಬಾತು ಬಂದ ಕೈ. ಫಿಸ್ಟುಲಾ ಕೈಗೆ ಕಫ್ ಕಟ್ಟಿ ಅದು ಮುಚ್ಚಿಹೋದರೆ ಆ ಮನುಷ್ಯನ ಡಯಾಲಿಸಿಸ್ ದಾರಿಯೇ ಹೋಯಿತು. ಕಟ್ಟುವ ಮೊದಲು ಕೇಳಿ.

6. ಮೊದಲು ಬೆರಳು, ಆಮೇಲೆ ಕಿವಿ

ಮಣಿಕಟ್ಟಿನಲ್ಲಿ ರೇಡಿಯಲ್ ನಾಡಿ ಹಿಡಿಯಿರಿ. ನಾಡಿ ಸಮವಾಗಿ ಹೊಡೆಯುತ್ತಿದೆಯಾ ಅನ್ನುವುದನ್ನೂ ಈಗಲೇ ಗಮನಿಸಿ. ಬೇಗ ಬೇಗ ಗಾಳಿ ತುಂಬಿ, ನಾಡಿ ಮಾಯವಾದ ಮೇಲೆ ಇನ್ನೂ 30 ಏರಿಸಿ. ಈಗ ನಿಧಾನವಾಗಿ ಬಿಡಿ. ನಾಡಿ ಮತ್ತೆ ಬೆರಳಿಗೆ ತಾಗಿದ ಅಂಕಿ ಬರೆದುಕೊಳ್ಳಿ. ಇದು ಬೆರಳಿಗೆ ಸಿಕ್ಕ ಸಿಸ್ಟೋಲಿಕ್, ಅಂದರೆ ಬಿಪಿಯ ಮೇಲಿನ ಅಂಕಿ. ಗಾಳಿ ಪೂರ್ತಿ ಬಿಟ್ಟು ಒಂದು ನಿಮಿಷ ಕಾಯಿರಿ.

ಇದು ಯಾಕೆ? ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ತಪ್ಪದೆ ಬರುವ ಪ್ರಶ್ನೆ ಇದು, ಉತ್ತರ ಆಸ್ಕಲ್ಟೇಟರಿ ಗ್ಯಾಪ್. ಕೆಲವರಲ್ಲಿ, ಅದರಲ್ಲೂ ಬಿಪಿ ಜಾಸ್ತಿ ಇರುವ ವಯಸ್ಸಾದವರಲ್ಲಿ, ಸದ್ದು ಶುರುವಾಗಿ ನಡುವೆ ಕಳೆದುಹೋಗಿ ಮತ್ತೆ ಬರುತ್ತದೆ. ಒಬ್ಬರಿಗೆ ಸದ್ದು 190ರಲ್ಲಿ ಶುರು, 170ರಲ್ಲಿ ಮಾಯ, 150ರಲ್ಲಿ ಮತ್ತೆ ಶುರು, 100ರಲ್ಲಿ ಕೊನೆ ಅಂತ ಇಟ್ಟುಕೊಳ್ಳಿ. ನೀವು ಬೆರಳು ಇಡದೆ ಅಂದಾಜಿನ ಮೇಲೆ 160ರವರೆಗೆ ಮಾತ್ರ ಏರಿಸಿದ್ದರೆ ನಿಮಗೆ ಸಿಗುವುದು 150/100. ಸಿಸ್ಟೋಲಿಕ್‌ನಲ್ಲಿ 40 ಕಳೆದುಹೋಯಿತು. ಸದ್ದು ಇಲ್ಲದ ಆ ಅಂತರದಲ್ಲೂ ನಾಡಿ ಬೆರಳಿಗೆ ಸಿಗುತ್ತಲೇ ಇರುತ್ತದೆ, ಅದಕ್ಕೇ ಬೆರಳು ಮೊದಲು.

7. ಸ್ಟೆತ್ ಇಟ್ಟು ಕೇಳುವುದು

ಸ್ಟೆತ್‌ನ ಕಿವಿ ತುದಿಗಳು ನಿಮ್ಮ ಮೂಗಿನ ಕಡೆಗೆ ಮುಖ ಮಾಡಿರಬೇಕು, ಕಿವಿಯ ಕೊಳವೆ ಹೋಗುವ ದಿಕ್ಕು ಅದೇ. ತಿರುಗಿಸಿ ಹಾಕಿಕೊಂಡವರಿಗೆ ಅರ್ಧ ಸದ್ದು ಕೇಳಿಸುವುದಿಲ್ಲ. ಸ್ಟೆತ್‌ನ ತಲೆಯಲ್ಲಿ ಬೆಲ್ (ಬಟ್ಟಲಿನಂಥ ಬದಿ), ಡಯಾಫ್ರಾಮ್ (ತೆಳು ಪೊರೆಯ ಬದಿ) ಎರಡೂ ಇದ್ದರೆ ಯಾವುದು ತೆರೆದಿದೆ ಅಂತ ಬೆರಳಿನಿಂದ ತಟ್ಟಿ ನೋಡಿ. ತಟ್ಟಿದ್ದು ಕೇಳಿಸದಿದ್ದರೆ ಸ್ಟೆತ್‌ನ ಆ ತಲೆಯನ್ನು ತಿರುಗಿಸಿ. ಇಷ್ಟು ಸಣ್ಣ ವಿಷಯಕ್ಕೆ ಪರೀಕ್ಷೆಯಲ್ಲಿ ಬೆವರುವವರು ಪ್ರತಿ ವರ್ಷ ಇರುತ್ತಾರೆ.

ಚುಕ್ಕಿ ಇಟ್ಟ ಜಾಗದಲ್ಲಿ ಸ್ಟೆತ್ ಇಡಿ, ಕಫ್ ಕೆಳಗೆ ತುರುಕಬೇಡಿ. ಚರ್ಮಕ್ಕೆ ಪೂರ್ತಿ ಅಂಟಿರಲಿ, ಆದರೆ ಒತ್ತಬೇಡಿ. ಜೋರಾಗಿ ಒತ್ತಿದರೆ ಆರ್ಟರಿಯನ್ನು ನೀವೇ ಕಿರಿದು ಮಾಡುತ್ತೀರಿ, ಆಗ ಕಫ್ ಸಡಿಲವಾದ ಮೇಲೂ ಸದ್ದು ಮುಂದುವರಿದು ಡಯಾಸ್ಟೋಲಿಕ್ (ಬಿಪಿಯ ಕೆಳಗಿನ ಅಂಕಿ) ಕಡಿಮೆ ಬರುತ್ತದೆ.

ಬೆರಳಿಗೆ ಸಿಕ್ಕ ಅಂಕಿಗಿಂತ 20ರಿಂದ 30 ಮೇಲಕ್ಕೆ ಏರಿಸಿ. ಈಗ ಸೆಕೆಂಡಿಗೆ 2ರಿಂದ 3ರ ಹಾಗೆ ಇಳಿಸಿ. 150ರಿಂದ 70ಕ್ಕೆ ಬರಲು ಅರ್ಧ ನಿಮಿಷ ಹಿಡಿಯಬೇಕು. ಬಹಳ ಜನರಿಗೆ ಹತ್ತು ಸೆಕೆಂಡೂ ಹಿಡಿಯುವುದಿಲ್ಲ. ಸದ್ದು ಬರುವುದು ಹೃದಯ ಬಡಿದಾಗ ಮಾತ್ರ ಅಲ್ವಾ? ನಾಡಿ ನಿಮಿಷಕ್ಕೆ 60 ಇದ್ದರೆ ಸೆಕೆಂಡಿಗೆ ಒಂದೇ ಬಡಿತ. ನೀವು ಸೆಕೆಂಡಿಗೆ 10 ಇಳಿಸಿದರೆ ಎರಡು ಬಡಿತಗಳ ನಡುವೆಯೇ 10 ಜಾರಿಹೋಗುತ್ತದೆ. ಸಿಸ್ಟೋಲಿಕ್ ಕಡಿಮೆ ಬರುತ್ತದೆ, ಡಯಾಸ್ಟೋಲಿಕ್ ಜಾಸ್ತಿ ಬರುತ್ತದೆ.

ತಿರುಪಿನ ಮೇಲೆ ಹತೋಟಿ ಬರಲು ಬಾಟಲಿಗೆ ಕಫ್ ಕಟ್ಟಿಯೇ ಅಭ್ಯಾಸ ಮಾಡಿ. ಇದಕ್ಕೆ ಮನುಷ್ಯ ಬೇಕಿಲ್ಲ.

8. ಯಾವ ಸದ್ದು ಹಿಡಿಯಬೇಕು

ಆರ್ಟರಿಯಲ್ಲಿ ರಕ್ತ ಸರಾಗ ಹರಿಯುವಾಗ ಸದ್ದಿಲ್ಲ. ಕಫ್ ಪೂರ್ತಿ ಮುಚ್ಚಿದಾಗಲೂ ಸದ್ದಿಲ್ಲ. ನಡುವೆ, ಅರ್ಧ ಮುಚ್ಚಿದ ನಾಳದಲ್ಲಿ ರಕ್ತ ನುಗ್ಗುವಾಗ ಮಾತ್ರ ಸದ್ದು. ಅಂಗಳದ ನೀರಿನ ಪೈಪ್‌ನ ಬಾಯಿಗೆ ಬೆರಳು ಅಡ್ಡ ಹಿಡಿದಾಗ ಸುಯ್ ಅನ್ನುವ ಹಾಗೆ.

ಐದು ಘಟ್ಟ ಇವೆ, ಕೊರೊಟ್ಕಾಫ್ ಸದ್ದುಗಳು. ಮೊದಲು ಟಕ್ ಟಕ್ ಅನ್ನುವ ಸ್ಪಷ್ಟ ಬಡಿತ, ಆಮೇಲೆ ಸುಯ್ ಸೇರಿದ ಬಡಿತ, ಆಮೇಲೆ ಮತ್ತೆ ಗಟ್ಟಿ, ಆಮೇಲೆ ಬಟ್ಟೆ ಮುಚ್ಚಿದ ಹಾಗೆ ಮಂದ, ಕೊನೆಗೆ ನಿಶ್ಶಬ್ದ. ಎರಡು ಬಡಿತ ಒಂದರ ಹಿಂದೆ ಒಂದು ಸರಿಯಾಗಿ ಕೇಳಿದಾಗ, ಅದರಲ್ಲಿ ಮೊದಲನೆಯದರ ಅಂಕಿ ಸಿಸ್ಟೋಲಿಕ್. ಸದ್ದು ಪೂರ್ತಿ ನಿಂತ ಅಂಕಿ ಡಯಾಸ್ಟೋಲಿಕ್. ನಿಂತಿತು ಅನ್ನಿಸಿದ ಮೇಲೂ ಇನ್ನೂ 10ರಿಂದ 20ರವರೆಗೆ ನಿಧಾನವಾಗಿಯೇ ಇಳಿಸಿ ಕೇಳಿ.

ಕೆಲವು ಗರ್ಭಿಣಿಯರಲ್ಲಿ, ರಕ್ತ ಬಹಳ ಕಡಿಮೆ ಇರುವವರಲ್ಲಿ, ಹೃದಯದ ಆಯೋರ್ಟಿಕ್ ವಾಲ್ವ್ (ಕವಾಟ) ಸೋರುವವರಲ್ಲಿ, ಆಗಷ್ಟೇ ವ್ಯಾಯಾಮ ಮಾಡಿದವರಲ್ಲಿ ಸದ್ದು ಸೊನ್ನೆವರೆಗೂ ಕೇಳಿಸಬಹುದು. ಆಗ ಸದ್ದು ಮಂದವಾದ ನಾಲ್ಕನೇ ಘಟ್ಟವನ್ನೇ ಡಯಾಸ್ಟೋಲಿಕ್ ಅಂತ ಬರೆದು, ನಾಲ್ಕನೇ ಘಟ್ಟ ಅಂತ ಪಕ್ಕದಲ್ಲಿ ನಮೂದಿಸಿ.

ನಡುವೆ ಅನುಮಾನ ಬಂತು ಅಂತ ಅರ್ಧದಲ್ಲೇ ಮತ್ತೆ ಗಾಳಿ ಏರಿಸಬೇಡಿ. ಕೈಯಲ್ಲಿ ರಕ್ತ ಕಟ್ಟಿಕೊಂಡು ಸದ್ದು ಇನ್ನೂ ಮಂದವಾಗುತ್ತದೆ. ಸೊನ್ನೆಗೆ ಬನ್ನಿ, ಒಂದು ನಿಮಿಷ ಕಾಯಿರಿ, ಮೊದಲಿನಿಂದ ಶುರು ಮಾಡಿ.

9. ಇನ್ನೊಮ್ಮೆ, ಇನ್ನೊಂದು ಕೈ

ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಸರಾಸರಿ ತೆಗೆಯಿರಿ. ಮೊದಲ ರೀಡಿಂಗ್ ಭಯಕ್ಕೆ ಜಾಸ್ತಿ ಬರುವುದು ಸಾಮಾನ್ಯ. ಮೊದಲ ಭೇಟಿಯಲ್ಲಿ ಎರಡೂ ಕೈ ನೋಡಿ, ಮುಂದೆ ಜಾಸ್ತಿ ಬಂದ ಕೈಯಲ್ಲೇ ಅಳೆಯಿರಿ. ಎರಡು ಕೈಗಳ ನಡುವೆ ಸಿಸ್ಟೋಲಿಕ್ 15ಕ್ಕಿಂತ ಜಾಸ್ತಿ ವ್ಯತ್ಯಾಸ ಪ್ರತಿ ಸಲ ಬಂದರೆ ಸೀನಿಯರ್‌ಗೆ ಹೇಳಿ. ನಾಡಿ ಏರುಪೇರಾಗಿದ್ದರೆ ಎರಡು ಸಾಲದು, ಇನ್ನೂ ಕೆಲವು ಬಾರಿ ನೋಡಿ.

ತಲೆ ಸುತ್ತುತ್ತದೆ ಅನ್ನುವವರಿಗೆ ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಬೇಕು. ಸಿಸ್ಟೋಲಿಕ್ 20 ಅಥವಾ ಡಯಾಸ್ಟೋಲಿಕ್ 10 ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿತ. ಬಿದ್ದಾರು, ಪಕ್ಕದಲ್ಲೇ ನಿಂತಿರಿ.

10. ಬರೆಯುವುದು, ಮತ್ತು ಆ 120/80 ಗುಂಪು

ಯಾವ ಕೈ, ಯಾವ ಭಂಗಿ, ಯಾವ ಕಫ್, ಎಷ್ಟು ಹೊತ್ತಿಗೆ, ಎಲ್ಲ ಬರೆಯಿರಿ. ಉಪಕರಣದ ಒಂದು ಗೆರೆ ಅಂದರೆ 2. ಹಾಗಾಗಿ ಅಂಕಿ ಸರಿಸಂಖ್ಯೆಯೇ ಇರಬೇಕು. 133/87 ಅಂತ ಬರೆದ ಜರ್ನಲ್ (ಪ್ರಾಕ್ಟಿಕಲ್ ಪುಸ್ತಕ) ನೋಡಿದ ಕೂಡಲೇ ಪರೀಕ್ಷಕರಿಗೆ ಕಥೆ ಗೊತ್ತಾಗುತ್ತದೆ. ಎಲ್ಲವೂ ಸೊನ್ನೆಯಲ್ಲೇ ಮುಗಿದರೂ ಹಾಗೇ: 120, 130, 110. 138 ಬಂದರೆ 138 ಅಂತಲೇ ಬರೆಯಿರಿ, 140 ಮಾಡಬೇಡಿ, 130ಕ್ಕೆ ಇಳಿಸಲೂ ಬೇಡಿ.

ಕೇಳಿಸಲಿಲ್ಲವಾದರೆ ಕೇಳಿಸಲಿಲ್ಲ ಅನ್ನಿ. ಬೆರಳಿನಿಂದ ಸಿಕ್ಕ ಸಿಸ್ಟೋಲಿಕ್ ಅಂತೂ ನಿಮ್ಮ ಬಳಿ ಇದ್ದೇ ಇದೆ, ಅದನ್ನು ಹೇಳಿ. ಪರೀಕ್ಷಕರ ಮುಂದೆ ಸುಳ್ಳು 120/80ಗಿಂತ ಇದು ಎಷ್ಟೋ ವಾಸಿ, ವಾರ್ಡಿನಲ್ಲಂತೂ ಆ ಸುಳ್ಳಿಗೆ ರೋಗಿ ಬೆಲೆ ತೆರಬೇಕಾಗುತ್ತದೆ.

ಎಲ್ಲ ಮಾಡಿದರೂ ಸದ್ದು ಬಹಳ ಸಣ್ಣದಾಗಿದ್ದರೆ

ಕಫ್ ಕಟ್ಟಿದ ಕೈಯನ್ನು ಅರ್ಧ ನಿಮಿಷ ತಲೆಯ ಮೇಲೆ ಎತ್ತಿ ಹಿಡಿಸಿ, ಅಲ್ಲೇ ಗಾಳಿ ತುಂಬಿ, ಕೆಳಗಿಳಿಸಿ ಕೇಳಿ. ಸಿರೆಗಳು ಖಾಲಿಯಾಗಿರುವುದರಿಂದ ಸದ್ದು ಗಟ್ಟಿಯಾಗುತ್ತದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಸ್ಟೆತ್ ಕೊಳವೆ ಅಂಗಿಗೆ ಉಜ್ಜದ ಹಾಗೆ ನೋಡಿಕೊಳ್ಳಿ, ಆ ಸರಸರ ಸದ್ದನ್ನೇ ಬಡಿತ ಅಂದುಕೊಳ್ಳುವವರಿದ್ದಾರೆ.

ಅಭ್ಯಾಸ ನಿಲ್ಲಿಸಿ ಸಹಾಯ ಕರೆಯಬೇಕಾದ ಲಕ್ಷಣಗಳು

180/120 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜು, ಗೊಂದಲದ ಮಾತು, ಒಂದು ಕಡೆ ಕೈಕಾಲು ಸೋತಿರುವುದು ಇದ್ದರೆ ಎರಡನೇ ರೀಡಿಂಗಿಗೂ ಕಾಯಬೇಡಿ, ನೇರ ಕ್ಯಾಶುಯಲ್ಟಿಗೆ. ಹೊರಗಿದ್ದರೆ ಮಹಾರಾಷ್ಟ್ರ, ಗೋವಾ ಎರಡರಲ್ಲೂ 108ಕ್ಕೆ ಫೋನ್ ಮಾಡಿ.

ಗರ್ಭಿಣಿಯರಿಗೆ ಲೆಕ್ಕ ಬೇರೆ. 140/90 ಬಂದರೇ ಅದೇ ದಿನ ಡಾಕ್ಟರ್ ನೋಡಬೇಕು. 160/110 ಬಂದರೆ, ಇಲ್ಲವೇ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಇದ್ದರೆ ಅದು ತುರ್ತು.

ಸಿಸ್ಟೋಲಿಕ್ 90ಕ್ಕಿಂತ ಕಡಿಮೆ, ಮೈ ತಣ್ಣಗೆ ಬೆವರು, ನಾಡಿ ಓಟ: ಮಲಗಿಸಿ, ಕೂಗಿ ಕರೆಯಿರಿ.

ಕ್ಯಾಂಪಿನಲ್ಲಿ ನೋಡುವಾಗ

ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್ ಬಂದಾಗ ಇದೇ ಕೆಲಸ ಮುಂಬೈಯ ಧಾರಾವಿಯ ಗಲ್ಲಿಯಲ್ಲೋ, ಪುಣೆಯ ಹಿಂಜವಡಿಯ ಕಟ್ಟಡದ ಸೈಟಿನಲ್ಲೋ, ಗೋವಾದಲ್ಲಿ ವಾಸ್ಕೋದ ಬೈನಾದಲ್ಲೋ ಮಾಡಬೇಕಾಗುತ್ತದೆ. ಸಾಲು ಉದ್ದ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಂಡಸರಲ್ಲಿ 24%, ಹೆಂಗಸರಲ್ಲಿ 21% ಜನರಿಗೆ ಬಿಪಿ ಜಾಸ್ತಿ ಇತ್ತು. ಹಾಗಾಗಿ ಆ ಸಾಲಿನಲ್ಲಿ ನಿಮಗೆ ಬಹಳ ಜನ ಸಿಗುತ್ತಾರೆ.

ಕ್ಯಾಂಪಿಗೆ ನನ್ನ ಸಲಹೆ ಒಂದೇ: ಕುರ್ಚಿ ಜಾಸ್ತಿ ಕೇಳಿ ತರಿಸಿಕೊಳ್ಳಿ. ನಾಲ್ಕೈದು ಜನ ಕೂತು ಕಾಯುತ್ತಿದ್ದರೆ ಐದು ನಿಮಿಷದ ವಿಶ್ರಾಂತಿ ತಾನಾಗಿ ಆಗುತ್ತದೆ. ನಿಂತ ಸಾಲಿನಿಂದ ಒಬ್ಬೊಬ್ಬರನ್ನು ಎಳೆದು ಕೂರಿಸಿದರೆ ಆಗುವುದಿಲ್ಲ.

140/90 ಒಂದು ಸಲ ಬಂದ ಮಾತ್ರಕ್ಕೆ "ನಿಮಗೆ ಬಿಪಿ ಇದೆ" ಅಂತ ಹೇಳಿ ಕಳಿಸಬೇಡಿ. ತೀರಾ ಜಾಸ್ತಿ ಇಲ್ಲದಿದ್ದರೆ ಬೇರೆ ದಿನ ಮತ್ತೆ ನೋಡಿಯೇ ಡಾಕ್ಟರ್ ತೀರ್ಮಾನಿಸುತ್ತಾರೆ. ನಿಮ್ಮ ಕೆಲಸ ಚೀಟಿ ಬರೆದು, ಹತ್ತಿರದ ಸರ್ಕಾರಿ ದವಾಖಾನೆ ಯಾವುದು, ಯಾವ ಹೊತ್ತಿಗೆ ತೆರೆದಿರುತ್ತದೆ ಅಂತ ಹೇಳುವುದು. ಕೂಲಿಯವರಿಗೆ ಬೆಳಗಿನ ಓಪಿಡಿ ಅಂದರೆ ಒಂದು ದಿನದ ಪಗಾರ ಹೋದ ಹಾಗೆ, ಅದನ್ನು ಕೇಳಿಕೊಂಡು ಹೇಳಿ.

ಈಗಾಗಲೇ ಮಾತ್ರೆ ತಿನ್ನುತ್ತಿರುವವರನ್ನು ಬಿಪಿ ನೋಡುವ ಮೊದಲೇ ಕೇಳಿ: ಇವತ್ತಿನ ಮಾತ್ರೆ ಆಯಿತಾ, ಕಳೆದ ವಾರ ತಪ್ಪಿತಾ? ಉತ್ತರ ಕರ್ನಾಟಕದಿಂದ ಬಂದವರಲ್ಲಿ ಜಾತ್ರೆಗೋ ಬಿತ್ತನೆಗೋ ಊರಿಗೆ ಹೋದಾಗ ಮಾತ್ರೆ ನಿಂತಿರುತ್ತದೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಅಂತ ಚೀಟಿಯಲ್ಲಿ ಬಿಡಿಸಿ ಬರೆದುಕೊಟ್ಟು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ತೋರಿಸಿ ಮುಂದುವರಿಸಲು ಹೇಳಿ. ಫೋನ್ ಇದ್ದರೆ ಆ ಚೀಟಿಯ ಫೋಟೋ ಅಲ್ಲೇ ತೆಗೆಸಿಬಿಡಿ.